ನಮ್ಮತ್ತೆ ಹೇಳದ ಊರು

ನಮ್ಮತ್ತೆ ಮದುವೆಯಾಗಿ ನಂಜನಗೂಡಿಗೆ ಬಂದು ಸುಮಾರು ಐವತ್ತು ವರ್ಷವಾಯಿತು. ಇಲ್ಲಿನ ನೀರು ಕುಡಿದಿದ್ದಾರೆ, ಇಲ್ಲಿನ ರಸಬಾಳೆ ತಿಂದಿದ್ದಾರೆ, ಇಲ್ಲಿನ ಅರ್ಧ ಜನರ ಜೊತೆ ಜಗಳವಾಡಿ, ಉಳಿದರ್ಧ ಜನರ ಮಕ್ಕಳಿಗೆ ಹೆಣ್ಣು ಗಂಡು ಹುಡುಕಿ ಮದುವೆ ಮಾಡಿಸಿದ್ದಾರೆ. ಆದರೆ ಈ ಊರಿನ ಹೆಸರು ಮಾತ್ರ ಅವರ ಬಾಯಿಂದ ಒಂದು ದಿನವೂ ಬಂದದ್ದಿಲ್ಲ! ನಂಬುತ್ತೀರಾ? ನಂಬದಿದ್ದರೂ ನನಗೆ ಬೇಸರವಿಲ್ಲ. ಯಾರನ್ನೂ ನಂಬಿಸುವಷ್ಟು ತ್ರಾಣ ಈಗ ನನ್ನಲ್ಲಿ ಉಳಿದಿಲ್ಲ.

ಕಾರಣ ಬಹಳ ಸರಳ. ನಮ್ಮ ಮಾವನವರ ಹೆಸರು... ತಡೆಯಿರಿ, ಸೊಸೆಯಾದ ನಾನೂ ಅದನ್ನು ಹೇಳಬಾರದಂತೆ. ಬರೆಯಬಾರದು ಅಂತ ಯಾರೂ ಹೇಳಿಲ್ಲವಲ್ಲ, ಬರೆಯುತ್ತೇನೆ: ನಂಜೇಗೌಡ. ಗಂಡನ ಹೆಸರು ಬಾಯಲ್ಲಿ ಆಡಿದರೆ ಗಂಡನ ಆಯಸ್ಸು ಸವೆಯುತ್ತದೆ ಅಂತ ನಮ್ಮತ್ತೆಗೆ ಅವರ ತವರೂರು ಸೋಸಲೆಯಲ್ಲಿ ಅವರಜ್ಜಿ ಹೇಳಿಕೊಟ್ಟಿದ್ದರು. ಹಳೆ ಕಾಲದ ಹೆಂಗಸರೆಲ್ಲ ಹಾಗೇ ಸಂಸಾರ ಮಾಡಿದವರು, ಅದರಲ್ಲೇನು ಹೆಚ್ಚುಗಾರಿಕೆ ಅನ್ನುತ್ತೀರಿ. ಸರಿ. ಆದರೆ ನಮ್ಮತ್ತೆಯದು ಎಲ್ಲರಿಗಿಂತ ಒಂದು ಕೈ ಮೇಲು. ಪೂರ್ತಿ ಹೆಸರು ಹೇಳಿದರೆ ಆಯಸ್ಸು ಪೂರ್ತಿ ಸವೆಯುವುದಾದರೆ, ಅರ್ಧ ಹೆಸರಿಗೆ ಅರ್ಧವಾದರೂ ಸವೆಯಬೇಕಲ್ಲ! ಹಾಗಾಗಿ 'ನಂಜ' ಅಂತ ಶುರುವಾಗುವ ಯಾವ ಮಾತೂ ನಮ್ಮ ಮನೆಯಲ್ಲಿ ಅವರ ಬಾಯಿಗೆ ಬರುವ ಹಾಗಿಲ್ಲ.

ಇಂಥವರನ್ನು ಕೊಟ್ಟದ್ದು ಎಲ್ಲಿಗೆ? ಹೆಣ್ಣು ಕೊಡುವವರು ಜಾತಕ ನೋಡಿದರು, ಹದಿನಾರು ಗ್ರಾಮದಲ್ಲಿದ್ದ ಜಮೀನು ನೋಡಿದರು, ಹುಡುಗನ ಹಲ್ಲು ಕೂಡ ನೋಡಿದರಂತೆ. ಊರಿನ ಹೆಸರನ್ನೊಂದು ನೋಡಲಿಲ್ಲ. ಊರು ನಂಜನಗೂಡು. ಊರ ದೇವರು ನಂಜುಂಡೇಶ್ವರ. ಆ ದೇವರ ಕೃಪೆಯಿಂದ ಹುಟ್ಟಿದ ಗಂಡುಮಕ್ಕಳಲ್ಲಿ ಅರ್ಧಕ್ಕರ್ಧ ನಂಜುಂಡ, ನಂಜಪ್ಪ, ನಂಜಯ್ಯ, ನಂಜುಂಡಸ್ವಾಮಿ! ಅತ್ತೆ ಇವರೆಲ್ಲರಿಗೂ ಸೇರಿಸಿ ಇಟ್ಟ ಹೆಸರು ಒಂದೇ. 'ಅವ್ರೆಸ್ರಿನೋನು', ಅಂದರೆ ಅವರ ಹೆಸರಿನವನು. ಹಾಲಿನವನು ಅವ್ರೆಸ್ರಿನೋನು, ನಲ್ಲಿ ರಿಪೇರಿಯವನು ಅವ್ರೆಸ್ರಿನೋನು, ಎದುರುಮನೆಯ ನಿವೃತ್ತ ಹೆಡ್‌ಮಾಸ್ಟರು ಕೂಡ ಅವ್ರೆಸ್ರಿನೋರು. ನಾನು ಶಾಲೆಯಿಂದ ಬಸವಳಿದು ಬಂದು ಚಪ್ಪಲಿ ಬಿಡುವಷ್ಟರಲ್ಲಿ ಅತ್ತೆ ವರದಿ ಒಪ್ಪಿಸುತ್ತಾರೆ.

"ಅವ್ರೆಸ್ರಿನೋನು ಬಂದಿದ್ದ ಕಣಮ್ಮಿ. ಅವ್ರೆಸ್ರಿನೋನ್ ಜೊತೆ ಜಗಳ ಆಡ್ಕಂಡು ಓದ."

ಯಾವ ಅವ್ರೆಸ್ರಿನೋನು ಬಂದಿದ್ದ, ಯಾವ ಅವ್ರೆಸ್ರಿನೋನ ಜೊತೆ ಜಗಳವಾಡಿದ, ಇದರಿಂದ ನಮ್ಮ ಮನೆಯ ನಲ್ಲಿ ರಿಪೇರಿ ಆಯಿತೋ ಇಲ್ಲವೋ ಅಂತ ತಿಳಿಯಲು ನಾನು ಒಂದು ಲೋಟ ಕಾಫಿ ಕುಡಿದು ಮತ್ತೆ ಕೂರಬೇಕು. ಒಮ್ಮೆ ಕಾಲಿನ ಗಾಯಕ್ಕೆ ನಂಜೇರಿದಾಗ ಡಾಕ್ಟರ ಮುಂದೆ ಕಾಲು ಚಾಚಿ, "ಗಾಯಕ್ಕೆ ಅವ್ರೆಸ್ರು ಏರ್ಕಂಡದೆ ಸಾ" ಅಂದರು. ಡಾಕ್ಟರು ನನ್ನ ಮುಖ ನೋಡಿದರು. ನಾನು ಗೋಡೆ ನೋಡಿದೆ.

ನನ್ನ ಕೆಲಸ ಟಿ. ನರಸೀಪುರದ ಶಾಲೆಯಲ್ಲಿ. ದಿನಾ ಬಸ್ಸಿನಲ್ಲಿ ಹೋಗಿ ಬರುವವಳು. ಒಂದು ಸಂಜೆ ಅತ್ತೆ ಸೋಸಲೆಗೆ ಹೋದವರು ವಾಪಸು ಬರುತ್ತಾ ನರಸೀಪುರದ ಬಸ್ ಸ್ಟ್ಯಾಂಡಿನಲ್ಲಿ ನನ್ನ ಬಸ್ಸನ್ನೇ ಹತ್ತಿದರು. ನಾನು ಹಿಂದಿನ ಸೀಟಿನಲ್ಲಿದ್ದೆ, ಅವರಿಗೆ ಮುಂದೆ ಜಾಗ ಸಿಕ್ಕಿತು. ಕಂಡಕ್ಟರು ಹೊಸಬ.

"ಎಲ್ಲೀಗಜ್ಜಿ?"

"ನಮ್ಮೂರ್ಗೆ ಕಣಪ್ಪ."

"ಅದೇ ಯಾವೂರು?"

"ಗುಡಿ ಇರಾ ಊರು."

"ಎಲ್ಲಾ ಊರಲ್ಲೂ ಗುಡಿ ಅದೆ ಕಣಜ್ಜಿ. ಎಸ್ರೇಳಿ."

"ಒಳೆ ದಂಡೇಲದಲ್ಲ, ಆ ಊರು ಕಣ್ಲಾ."

"ಇಲ್ಲೂ ಒಳೆ ಅದೆ! ಇಲ್ಲೇ ಇಳ್ಕತೀರಾ?"

ಹೆಂಗಸರಿಗೆ ಟಿಕೆಟ್ ಉಚಿತವಾದರೂ ಊರಿನ ಹೆಸರು ಉಚಿತವಲ್ಲವಲ್ಲ! ಮಿಷನ್ನಿಗೆ ಊರು ಬೇಕೇ ಬೇಕು. ನಾನು ಅಲ್ಲಿಂದಲೇ ಕೂಗಿ ಹೇಳಬಹುದಿತ್ತು. ಆದರೆ ಬೆಳಗಿನಿಂದ ಎಂಟನೇ ಕ್ಲಾಸಿನ ಮಕ್ಕಳ ಮುಂದೆ ಕಿರುಚಿ ಕಿರುಚಿ ನನ್ನ ಗಂಟಲು ಮುಷ್ಕರ ಹೂಡಿತ್ತು. ಅತ್ತೆಯ ಪಕ್ಕದಲ್ಲಿ ತೆಂಗಿನಕಾಯಿ ಮೂಟೆ ಇಟ್ಟುಕೊಂಡಿದ್ದ ಹೆಂಗಸೇ ಕೊನೆಗೆ ಕನಿಕರಿಸಿದಳು.

"ಯಜಮಾನ್ರೆಸ್ರು ಇರ್ಬೇಕು ಕಣಣ್ಣೋ! ರಸಬಾಳೆ ಊರ್ಗೆ ಅರ್ದು ಕೊಡು."

ಇಡೀ ಬಸ್ಸು ನಕ್ಕಿತು. ಅತ್ತೆ ಮಾತ್ರ ಪರೀಕ್ಷೆಯಲ್ಲಿ ಪಾಸಾದ ಹುಡುಗಿಯ ಹಾಗೆ ಸೆರಗು ಸರಿ ಮಾಡಿಕೊಂಡರು. ಅಂದಿನಿಂದ ಆ ಕಂಡಕ್ಟರು ಅವರನ್ನು ಕಂಡಾಗಲೆಲ್ಲ "ಬನ್ನಿ ರಸಬಾಳೆಯವ್ರೇ" ಅಂತಲೇ ಕರೆಯುವುದು.

ಈ ವಿಷಯದಲ್ಲಿ ಬಹಳ ನೊಂದವರು ಅಂದರೆ ನಮ್ಮ ಮಾವ. ನೊಂದವರು ಅನ್ನುವುದಕ್ಕಿಂತ, ನೊಂದವರ ಹಾಗೆ ಆಡುವವರು. ಮನೆಗೆ ಯಾರೇ ಬರಲಿ, ಮದುವೆಯ ಕಥೆ ತೆಗೆಯದೆ ಕಾಫಿ ಲೋಟ ಕೆಳಗಿಡುವುದಿಲ್ಲ. ಹೊಸ ಗಂಡು ಹೆಣ್ಣು ಹೊಸ್ತಿಲು ದಾಟುವ ಮೊದಲು ನಾದಿನಿಯರು ಬಾಗಿಲಿಗೆ ಅಡ್ಡ ನಿಂತು ಹೆಸರು ಕೇಳುವ ಶಾಸ್ತ್ರ ಇದೆಯಲ್ಲ, ಆ ಕಥೆ.

"ನಾನು ಇವ್ಳೆಸ್ರ ಟಪ್ ಅಂತ ಏಳ್ದೆ ಕಣ್ರೀ. ಇವ್ಳು ನಿಂತ್ಲು, ನಿಂತ್ಲು, ಕಂಬ ನಿಂತಂಗ್ ನಿಂತ್ಲು! ಒಳ್ಗೆ ಅನ್ನ ಆರೋಯ್ತಾ ಅದೆ. ಆಮೇಲೆ ನಮ್ಮವ್ವನೇ, ಮಗ ಅಸ್ಕಂಡದೆ ಬುಡ್ರೇ ಅಂದು ಒಳೀಕ್ ಬುಡ್ಸುದ್ಲು. ಎಸ್ರೇಳ್ದೇ ಒಳೀಕ್ ಬಂದೋಳು ನೋಡಿ ಇವ್ಳು! ನಾನು ಅವತ್ತಿಂದ ಕೇಳ್ತಾವ್ನಿ. ಲೇ, ಸಾಯೋದ್ರೊಳ್ಗೆ ಒಂದೇ ಒಂದ್ಸಲ ಏಳೇ!"

"ಸಾಯ್ಬಾರ್ದು ಅಂತ್ಲೇ ಏಳ್ದಿರಾದು. ಸುಮ್ಕೆ ಕುಂತ್ಕಳಿ," ಅನ್ನುತ್ತಾರೆ ಅತ್ತೆ ಒಳಗಿನಿಂದ.

ನಾನು ನನ್ನ ಗಂಡನನ್ನು ಹೆಸರು ಹಿಡಿದೇ ಕರೆಯುವವಳು. ಮೊದಮೊದಲು ನಾನು ಹಾಗೆ ಕೂಗಿದಾಗಲೆಲ್ಲ ಅತ್ತೆ ದೇವರ ಮನೆಗೆ ಹೋಗಿ ಮಗನ ಹೆಸರಿನಲ್ಲಿ ತುಪ್ಪದ ದೀಪ ಹಚ್ಚಿ ಬರುತ್ತಿದ್ದರು. ಸವೆದ ಆಯಸ್ಸನ್ನು ಅಲ್ಲಲ್ಲೇ ಭರ್ತಿ ಮಾಡುವ ಏರ್ಪಾಡು! ತುಪ್ಪ ಬೇಗ ಬೇಗ ಖಾಲಿಯಾಗುತ್ತಿದ್ದುದು ಯಾಕೆ ಅಂತ ನನಗೆ ಬಹಳ ದಿನ ತಿಳಿದಿರಲೇ ಇಲ್ಲ.

ಇಷ್ಟೇ ಆಗಿದ್ದರೆ ನಕ್ಕು ಸುಮ್ಮನಾಗುತ್ತಿದ್ದೆ. ಹೋದ ವರ್ಷದಿಂದ ಬೇರೆ ಏನೇನೋ ಶುರುವಾಯಿತು. ಬೀರುವಿನ ಬೀಗದ ಕೈ ರಾಗಿ ಡಬ್ಬದಲ್ಲಿ ಸಿಕ್ಕಿತು. ಸಾರಿಗೆ ಉಪ್ಪು ಹಾಕಿ, ಸ್ವಲ್ಪ ಹೊತ್ತಿಗೆ ಮತ್ತೆ ಹಾಕಿದರು. ಒಂದು ದಿನ ಹಾಲು ಉಕ್ಕಿ ಗ್ಯಾಸ್ ಒಲೆ ಆರಿಹೋಗಿ, ಅಡುಗೆಮನೆಯೆಲ್ಲ ಗ್ಯಾಸಿನ ವಾಸನೆ. ಅತ್ತೆ ಅಲ್ಲೇ ಕೂತು ಸೊಪ್ಪು ಬಿಡಿಸುತ್ತಿದ್ದರು! ಮೊದಲೇ ಹೆಸರುಗಳನ್ನು ಹೇಳದ ಹೆಂಗಸು. "ಅದೆಲ್ಲದೆ, ಅದು, ಅದೇ ಕಣಮ್ಮಿ" ಅಂತ ತಡವರಿಸಿದರೆ ಅದು ವ್ರತವೋ ಮರೆವೋ ಅಂತ ನಾನು ಹೇಗೆ ಕಂಡುಹಿಡಿಯಲಿ? ಬೆಳಿಗ್ಗೆ ಬಸ್ಸಿನಲ್ಲಿ ಕೂತು ಇದನ್ನೇ ಯೋಚಿಸುತ್ತಿದ್ದೆ. ಇವರನ್ನು ಒಲೆಯ ಹತ್ತಿರ ಬಿಟ್ಟು ಬಂದೆನಲ್ಲ, ಇವರು ನಮ್ಮತ್ತೆಯಾಗಿಯೇ ಇದ್ದಾರೋ, ಮೆಲ್ಲಮೆಲ್ಲಗೆ ನಮ್ಮ ಕೈ ಬಿಟ್ಟು ಜಾರುತ್ತಿದ್ದಾರೋ? ಉತ್ತರ ಹೇಳುವವರು ಯಾರಾದರೂ ಸಿಕ್ಕಿದರೆ ಸಾಕಪ್ಪಾ ಅನ್ನಿಸಿಬಿಟ್ಟಿತ್ತು.

ಮೈಸೂರಿನಲ್ಲಿ ಮರೆವಿನ ತೊಂದರೆಗೇ ಅಂತ ಒಂದು ಕ್ಲಿನಿಕ್ ಇದೆ ಅಂತ ಯಾರೋ ಹೇಳಿದರು. ಅತ್ತೆಯನ್ನೂ ಮಾವನನ್ನೂ ಕರೆದುಕೊಂಡು ಹೋದೆ. ಡಾಕ್ಟರು ಚಿಕ್ಕ ವಯಸ್ಸಿನ ಹುಡುಗಿ, ನಗುಮುಖ.

"ಅಜ್ಜಿ, ನೀವಿರೋದು ಯಾವ ಊರು?"

ಅತ್ತೆ ನನ್ನ ಕಡೆ ತಿರುಗಿದರು. "ನೀನೇ ಏಳವ್ವ."

"ಇಲ್ಲ, ನೀವೇ ಹೇಳ್ಬೇಕು. ಹೋಗ್ಲಿ, ನಿಮ್ಮ ಯಜಮಾನ್ರ ಹೆಸರೇನು?"

"ಇಲ್ಲೇ ಕುಂತವ್ರಲ್ಲ, ಕೇಳ್ಕಳಿ!"

ಮಾವ ಹಲ್ಲು ಬಿಟ್ಟು, "ಬರ್ಕಳಿ ಡಾಕ್ಟ್ರೇ, ಇದು ಮರ್ತಿರಾದಲ್ಲ, ಮೊಂಡಾಟ," ಅಂದರು. ಆದರೆ ಡಾಕ್ಟರಿಗೆ ಹೊರಗೆ ಇನ್ನೂ ಬಹಳ ಜನ ಕಾಯುತ್ತಿದ್ದರು. ಮಾವನ ತಮಾಷೆ ಅವರ ಕಿವಿಗೆ ಬಿದ್ದ ಹಾಗೆ ಕಾಣಲಿಲ್ಲ. ನನ್ನ ಫೋನಿಗೆ ಏನೋ ಹಾಕಿಕೊಟ್ಟರು. ವಾರಕ್ಕೊಮ್ಮೆ ಅಜ್ಜಿ ಫೋನಿನ ಜೊತೆ ಮಾತಾಡಬೇಕಂತೆ. ಎಲ್ಲೆಲ್ಲಿ ತಡೆದು ನಿಲ್ಲುತ್ತಾರೆ, ವಸ್ತುವಿನ ಹೆಸರು ಬಿಟ್ಟು 'ಅದು ಇದು' ಅಂತ ಎಷ್ಟು ಹೇಳುತ್ತಾರೆ, ಹೇಳಿದ್ದನ್ನೇ ಎಷ್ಟು ಹೇಳುತ್ತಾರೆ, ದನಿ ಹೇಗೆ ಏರಿಳಿಯುತ್ತದೆ, ಇದನ್ನೆಲ್ಲ ಅದು ಕೇಳಿಸಿಕೊಂಡು ಬಣ್ಣದಲ್ಲಿ ಹೇಳುತ್ತದಂತೆ. ಹಸಿರು ಬಂದರೆ ಚೆನ್ನ. ಹಳದಿ ಬಂದರೆ ಗಮನಿಸಬೇಕು. ಕೆಂಪು ಬಂದರೆ ತಕ್ಷಣ ಬರಬೇಕು. "ಇದೇ ಕೊನೇ ತೀರ್ಮಾನ ಅಂತ ತಿಳ್ಕೋಬೇಡಿ, ಒಂದು ಸೂಚನೆ ಅಷ್ಟೇ," ಅಂದರು. ಮನುಷ್ಯರು ಹೇಳದ ಉತ್ತರವನ್ನು ಫೋನಾದರೂ ಹೇಳಲಿ ಅಂತ ನಾನು ಕೈ ಮುಗಿದು ಬಂದೆ.

ಫೋನಿನೊಳಗೆ ಒಂದು ಹೆಣ್ಣು ದನಿ. ಅಚ್ಚುಕಟ್ಟಾದ ಪುಸ್ತಕದ ಕನ್ನಡ. ಮೊದಲ ಭಾನುವಾರ ಅತ್ತೆಯ ಮುಂದೆ ಅದನ್ನಿಟ್ಟು ಕೂತೆ.

"ನಮಸ್ಕಾರ. ಇಂದು ಬೆಳಗಿನಿಂದ ನೀವು ಏನೇನು ಮಾಡಿದಿರಿ ಎಂಬುದನ್ನು ವಿವರಿಸಿ."

"ಊಟ ಆಯ್ತೇನವ್ವ?" ಅಂದರು ಅತ್ತೆ.

ದನಿ ಸುಮ್ಮನಿತ್ತು.

"ಯಾಕವ್ವ, ಬೇಜಾರಾ? ಯಾವೂರು ನಿಂದು?"

"ಕ್ಷಮಿಸಿ. ಇಂದು ಬೆಳಗಿನಿಂದ ನೀವು ಏನೇನು ಮಾಡಿದಿರಿ ಎಂಬುದನ್ನು ವಿವರಿಸಿ."

"ಪಾಪ, ಯಾರೋ ಎಣ್ಮಗ. ಏಳಿದ್ನೇ ಏಳ್ತದೆ. ಇದ್ಕೂ ಮರ್ವು ಬಂದದೆ ಕಣಮ್ಮಿ," ಅಂತ ನನ್ನ ಕಡೆ ನೋಡಿ ಮರುಗಿದರು!

ಆಮೇಲೆ ಒಂದು ಚಿತ್ರ ಬಂತು. ಸಂತೆಯಲ್ಲಿ ಒಬ್ಬ ಹಣ್ಣು ಮಾರುತ್ತಿದ್ದಾನೆ, ಹಿಂದಿನಿಂದ ಒಂದು ಹಸು ಬಾಳೆಗೊನೆಗೆ ಬಾಯಿ ಹಾಕಿದೆ. ಚಿತ್ರವನ್ನು ವಿವರಿಸಿ ಅಂತು ದನಿ. ಅತ್ತೆ ವಿವರಿಸುವುದು ಬಿಟ್ಟು ಸಂತೆಗೇ ಇಳಿದುಬಿಟ್ಟರು. "ಲೋ, ಇಂದಕ್ ತಿರ್ಗ್ ನೋಡ್ಲಾ! ಅಸ ಪೂರಾ ಗೊನೆ ತಿಂದಾಕ್ತಾ ಅದೆ! ಓಡ್ಸ್ಲಾ!" ಮಾವನೂ ಪಕ್ಕದಿಂದ "ಅವ್ನಿಗೆ ಕಿವಿ ಕೇಳುಸ್ದು ಕಣೆ" ಅಂತ ದನಿ ಸೇರಿಸಿದರು. "ಬೇರೆಯವರ ಧ್ವನಿ ಕೇಳಿಸುತ್ತಿದೆ. ದಯವಿಟ್ಟು ಒಬ್ಬರೇ ಮಾತನಾಡಿ," ಅಂತ ಫೋನು ಗದರಿತು. ಮಾವ ಮುಖ ಊದಿಸಿಕೊಂಡು ಜಗಲಿಗೆ ಎದ್ದು ಹೋದರು. ನಲವತ್ತು ನಿಮಿಷದಲ್ಲಿ ಪಾಠ ಮುಗಿಸಿ ರೂಢಿಯಿರುವ ನನಗೆ ಇವರಿಬ್ಬರನ್ನೂ ಆ ಫೋನಿನ ಹುಡುಗಿಯನ್ನೂ ಒಟ್ಟಿಗೆ ಸಂಭಾಳಿಸುವಷ್ಟರಲ್ಲಿ ತಲೆ ಚಿಟ್ಟು ಹಿಡಿಯಿತು.

ಕೊನೆಗೆ ಊರಿನ ಪ್ರಶ್ನೆ ಬಂತು. ಯಾವ ಊರಿನಲ್ಲಿದ್ದೀರಿ? ಗುಡಿ ಇರಾ ಊರು, ಒಳೆ ದಂಡೆ ಊರು, ಬಾಳೆಅಣ್ಣಿನ್ ಊರು. ಮನೆಯಲ್ಲಿ ಯಾರ್ಯಾರಿದ್ದಾರೆ? ನಾನು, ಅವ್ರು, ಮಗ, ಸೊಸೆ. ಅವರು ಎಂದರೆ ಯಾರು? ಅವ್ರು ಅಂದ್ರೆ ಅವ್ರೇ!

ಹಳದಿ ಬಂತು. ಕೆಳಗೆ ಬರೆದಿತ್ತು: ಹೆಸರುಗಳನ್ನು ನೆನಪಿಸಿಕೊಳ್ಳುವಲ್ಲಿ ತೊಂದರೆ, ಸುತ್ತುಬಳಸಿನ ಮಾತು ಹೆಚ್ಚು. ಸುತ್ತುಬಳಸಿ ಮಾತಾಡುವುದೇ ಕಾಯಿಲೆಯಾದರೆ ನಮ್ಮ ತಾಲ್ಲೂಕಿನಲ್ಲಿ ಹಸಿರು ಯಾರಿಗಾದರೂ ಸಿಕ್ಕೀತೇ ಹೇಳಿ! ಆದರೂ ನಾನು ಆ ಸಾಲನ್ನು ಮತ್ತೆ ಮತ್ತೆ ಓದಿದೆ. ಎರಡನೇ ವಾರವೂ ಹಳದಿ. ಮೂರನೇ ವಾರ ಅತ್ತೆ ಹುಣಿಸೆಹಣ್ಣು ಬಿಡಿಸುತ್ತಾ ಅದೇ ಉತ್ತರ ಕೊಡುವಾಗ ಅವರ ಮುಖ ನೋಡಿದೆ. ಹೆಸರು ಸಿಗದೆ ಪರದಾಡುವ ಮುಖವೇ ಅಲ್ಲ ಅದು. ಹೆಸರು ನಾಲಿಗೆಯ ತುದಿಯಲ್ಲೇ ಇದೆ, ಅದನ್ನು ಹಲ್ಲು ಕಚ್ಚಿ ಒಳಗೆ ಹಿಡಿದಿದ್ದಾರೆ! ಅಯ್ಯೋ ದೇವರೇ, ಈ ಫೋನು ನಮ್ಮತ್ತೆಯ ಪಾತಿವ್ರತ್ಯವನ್ನು ಕಾಯಿಲೆ ಅಂತ ಬರೆದುಕೊಳ್ಳುತ್ತಿದೆಯಲ್ಲ!

ಡಾಕ್ಟರಿಗೆ ಫೋನ್ ಮಾಡಿ ಎಲ್ಲ ಬಿಡಿಸಿ ಹೇಳಿದೆ. ಅವರು ಮೊದಲು ಜೋರಾಗಿ ನಕ್ಕರು. ಆಮೇಲೆ, "ನಮ್ಮಜ್ಜಿಯೂ ಹೀಗೇ ಇದ್ರು, ನನಗೆ ಹೊಳೀಲೇ ಇಲ್ಲ ನೋಡಿ," ಅಂದರು. "ಹಾಗಾದ್ರೆ ಒಂದು ಕೆಲಸ ಮಾಡೋಣ. ಈ ಸುತ್ತುಬಳಸೇ ಅವರ ಮಾಮೂಲಿ ಮಾತು ಅಂತ ಇಟ್ಕೊಳ್ಳೋಣ. ಬೇರೆಯವರ ಜೊತೆ ಹೋಲಿಸೋದು ಬೇಡ, ಅವರನ್ನ ಅವರ ಜೊತೆಗೇ ಹೋಲಿಸಿ ನೋಡ್ತಾ ಇರಿ. ಏನಾದರೂ ಬದಲಾವಣೆ ಕಂಡರೆ ಮಾತ್ರ ನನಗೆ ಹೇಳಿ."

ಹಾಗೆ ನಮ್ಮ ಮನೆಯಲ್ಲಿ ಹಳದಿ ಬಣ್ಣಕ್ಕೆ ಬಂದ ಮರ್ಯಾದೆ ಇನ್ಯಾವ ಮನೆಯಲ್ಲೂ ಬಂದಿರಲಿಕ್ಕಿಲ್ಲ. ಭಾನುವಾರ ಹಳದಿ ಬಂದರೆ ನಮಗೆ ನೆಮ್ಮದಿ. ಹಾಲಿನ ಡೈರಿಯಲ್ಲಿ ಕೆಲಸ ಮಾಡುವ ನನ್ನ ಗಂಡನಿಗೆ ಮಾತ್ರ ಇದು ತಲೆಗೆ ಹತ್ತಲಿಲ್ಲ. "ಯಾವತ್ತಾದ್ರೂ ಹಸಿರು ಬರುತ್ತೆ ಬಿಡು," ಅಂತ ನನಗೇ ಸಮಾಧಾನ ಹೇಳುತ್ತಿದ್ದರು. ಬೀಗದ ಕೈ ಆಗಾಗ ರಾಗಿ ಡಬ್ಬಕ್ಕೆ ಹೋಗುತ್ತಲೇ ಇತ್ತು. ಉಪ್ಪಿನ ಡಬ್ಬವನ್ನು ನಾನು ಮೇಲಿನ ಗೂಡಿನಲ್ಲಿ ಎತ್ತಿಟ್ಟೆ. ಬೆಳಿಗ್ಗೆ ಹೊರಡುವಾಗ ಗ್ಯಾಸ್ ಸಿಲಿಂಡರು ಬಂದ್ ಮಾಡಿ, ಮಧ್ಯಾಹ್ನದ ಅಡುಗೆ ಡಬ್ಬಿಯಲ್ಲಿ ಮುಚ್ಚಿಟ್ಟು ಹೋಗುತ್ತಿದ್ದೆ. ಸಂಜೆ ಬಂದ ಕೂಡಲೇ ಬೇಕೆಂದೇ ಕೇಳುತ್ತಿದ್ದೆ, "ಅತ್ತೆ, ಇವತ್ತು ಯಾರು ಬಂದಿದ್ರು?" ಅಂತ. "ಅವ್ರೆಸ್ರಿನೋನು ಬಂದಿದ್ದ ಕಣಮ್ಮಿ" ಅನ್ನುವ ಉತ್ತರ ಬಂದರೆ ಸಾಕು. ಯಾವ ಮಾತಿಗೆ ತಲೆ ಚಚ್ಚಿಕೊಳ್ಳುತ್ತಿದ್ದೆನೋ ಅದೇ ಮಾತು ಕೇಳಿ ದಣಿವೆಲ್ಲ ಇಳಿಯುತ್ತಿತ್ತು.

ಹೋದ ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ನಡುಮನೆಯಲ್ಲಿ ಕೂತೆವು. ಮಾವ ಮೊರದ ತುಂಬ ಅವರೆಕಾಯಿ ಹಾಕಿಕೊಂಡು ಬಿಡಿಸುತ್ತಿದ್ದರು. ಬೈಸಿಕೊಂಡು ಬೈಸಿಕೊಂಡು ಅವರಿಗೂ ಈಗ ಫೋನಿನ ಮುಂದೆ ಸುಮ್ಮನಿರುವುದು ರೂಢಿಯಾಗಿತ್ತು. ದನಿ ತನ್ನ ಮಾಮೂಲಿ ನಮಸ್ಕಾರ ಹೇಳಿತು. ಅತ್ತೆ ಊಟ ಆಯ್ತಾ ಅಂತ ಕೇಳಲಿಲ್ಲ. ನಿದ್ದೆ ಬಂದಿರಬೇಕು ಅಂದುಕೊಂಡೆ.

"ನೀವು ಯಾವ ಊರಿನಲ್ಲಿ ವಾಸವಾಗಿದ್ದೀರಿ?"

"ನಂಜನಗೂಡು."

ಮಾವನ ಕೈ ನಿಂತಿತು.

"ನಿಮ್ಮ ಮನೆಯಲ್ಲಿ ಯಾರ್ಯಾರಿದ್ದಾರೆ?"

"ನಂಜೇಗೌಡ. ಮಗ. ಸೊಸೆ."

ಎಲ್ಲೂ ತಡೆಯಲಿಲ್ಲ, ಸುತ್ತಲಿಲ್ಲ, ಬಳಸಲಿಲ್ಲ. ಪಕ್ಕದ ಮನೆಯವರ ಹೆಸರು ಹೇಳಿದಷ್ಟು ಸಲೀಸಾಗಿ ಹೇಳಿ, ಸೆರಗಿನಿಂದ ಮುಖ ಒರೆಸಿಕೊಂಡರು. ಫೋನು ಸ್ವಲ್ಪ ಹೊತ್ತು ಯೋಚಿಸಿ ಹಸಿರು ಬಣ್ಣಕ್ಕೆ ತಿರುಗಿತು. "ಅಭಿನಂದನೆಗಳು! ನಿಮ್ಮ ಮಾತಿನಲ್ಲಿ ಉತ್ತಮ ಪ್ರಗತಿ ಕಂಡುಬಂದಿದೆ," ಅಂತು ಆ ಹುಡುಗಿ.

"ಹಸಿರು ಬಂತಾ!" ಅಂತ ನನ್ನ ಗಂಡ ಒಳಗಿನಿಂದ ಓಡಿ ಬಂದರು. ನಮ್ಮಿಬ್ಬರ ಮುಖ ನೋಡಿ ಬಾಗಿಲಲ್ಲೇ ನಿಂತರು.

"ಯಾಕ್ ಇಂಗ್ ನೋಡೀರಿ ಎಲ್ಲಾ?" ಅಂದರು ಅತ್ತೆ. ನಿಜವಾಗಿಯೂ ಅವರಿಗೆ ಗೊತ್ತಾಗಿರಲಿಲ್ಲ. ನಾನು ಹಿತ್ತಲಿಗೆ ಹೋಗಿ ಡಾಕ್ಟರಿಗೆ ಫೋನ್ ಮಾಡಿದೆ. ಹಸಿರು ಬಂದಿದೆ ಅಂದೆ, ಯಾಕೆ ಬಂದಿದೆ ಅನ್ನುವುದನ್ನೂ ಹೇಳಿದೆ. ಈ ಸಲ ಅವರು ನಗಲಿಲ್ಲ. "ಈ ವಾರವೇ ಕರ್ಕೊಂಡು ಬನ್ನಿ," ಅಂದರು.

ನಾನು ಕೇಳಿಕೊಂಡಿದ್ದ ಉತ್ತರ ಕೊನೆಗೂ ಸಿಕ್ಕಿತ್ತು. ಅಲ್ಲೇ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತು ಅತ್ತುಬಿಟ್ಟೆ.

ವಾಪಸು ಬಂದಾಗ ಅತ್ತೆ ಒಳಗೆ ಮಲಗಿದ್ದರು. ಮಾವ ಜಗಲಿಯಲ್ಲಿ ಮೊರ ಮುಂದಿಟ್ಟುಕೊಂಡು ಕೂತಿದ್ದರು. ಕಾಳು ಯಾವುದು ಸಿಪ್ಪೆ ಯಾವುದು ಅಂತ ನೋಡದೆ ಎರಡನ್ನೂ ಒಂದೇ ಕಡೆ ಹಾಕಿದ್ದರು. ನಾನೂ ಪಕ್ಕದಲ್ಲಿ ಕೂತು ಸಿಪ್ಪೆ ಆರಿಸತೊಡಗಿದೆ.

"ಸುಮ್ನೆ ಆಟ ಆಡುಸ್ತಿದ್ದೆ ಕಣವ್ವ," ಅಂದರು ಮಾವ. "ಏಳು ಏಳು ಅಂತ. ಅವ್ಳು ಏಳಾಕಿಲ್ಲ ಅಂತ ಗೊತ್ತಿತ್ತಲ್ಲ, ಅದ್ಕೇಯ ಕೇಳ್ತಿದ್ದೆ." ಒಂದು ಕಾಯಿ ಕೈಗೆತ್ತಿಕೊಂಡು ಮತ್ತೆ ಕೆಳಗಿಟ್ಟರು. "ಇಷ್ಟ್ ವರ್ಷ ನನ್ ಆಯಸ್ ಕಾದ್ಲು. ಇವತ್ತು ಕಾಯಾದ ಮರ್ತ್ಬುಟ್ಲು ಕಣವ್ವ."

ಅಷ್ಟರಲ್ಲಿ ಒಳಗಿನಿಂದ ಅತ್ತೆಯ ದನಿ ಬಂತು. ಎದ್ದು ನೋಡಿದಾಗ ಕೋಣೆಯಲ್ಲಿ ಯಾರೂ ಕಾಣದೆ ಹೆದರಿರಬೇಕು. ಐವತ್ತು ವರ್ಷದಿಂದ ಈ ಮನೆಯಲ್ಲಿ 'ಏನ್ರೀ', 'ಇಲ್ ಕೇಳಿ', 'ಎಲ್ ಕುಂತವ್ರೆ ಇವ್ರು' ಅಂತಲೇ ಕರೆದ ಅದೇ ದನಿ.

"ನಂಜೇಗೌಡ... ಓ ನಂಜೇಗೌಡ..."

ಮಾವ ಮೊರ ಸರಿಸಿ, ಗೋಡೆ ಹಿಡಿದು ಎದ್ದರು. ಒಂದು ಕ್ಷಣ ಹೊಸ್ತಿಲ ಮೇಲೆ ನಿಂತು, ಟವೆಲಿನಿಂದ ಕಣ್ಣು ಒರೆಸಿಕೊಂಡರು. ಆಮೇಲೆ ಜೀವನದಲ್ಲಿ ಮೊದಲ ಸಲ ಆ ಕೂಗಿಗೆ ಓಗೊಟ್ಟರು.

"ಓ... ಬಂದೆ ಕಣೆ. ಎದ್ರುಕೋಬ್ಯಾಡ, ನಾನು ಇಲ್ಲೇ ಇವ್ನಿ, ಎಲ್ಲೂ ಓಗಿಲ್ಲ."